ಪಕ್ಕಾ ಬಣ್ಣದ ಸೂರ್ಯನ ಕುದುರೆ

ಜೀವಶಾಸ್ತ್ರ ಕಲಿಸುವವರ ಮನೆಯಲ್ಲಿ ಪಾಠಕ್ಕಿಂತ ಪೇಚಾಟವೇ ಜಾಸ್ತಿ. ಲಕ್ಷ್ಮೇಶ್ವರದ ಶಾಲೆಯಲ್ಲಿ ನಾನು ಹೇಳಿದ್ದನ್ನು ಮಕ್ಕಳು ತುಟಿಪಿಟಕ್ಕೆನ್ನದೆ ಬರೆದುಕೊಳ್ಳುತ್ತಾರೆ. ಬೆಟಗೇರಿಯ ನಮ್ಮ ಮನೆಯಲ್ಲಿ ಅದೇ ಮಾತಿಗೆ ದೊಡ್ಡ ರಾದ್ಧಾಂತ.

ಮೆಂತ್ಯದ ಕಟ್ಟು

ಒಂದು ಸಂಜೆ ಮೆಂತ್ಯದ ಕಟ್ಟು ಬಿಚ್ಚಿದರೆ ಒಳಗೊಂದು ಎಳೆಯ ಸೂರ್ಯನ ಕುದುರೆ ಹುಳ. ಹಸಿರೆಂದರೆ ಹಸಿರು, ಕೈ ಜೋಡಿಸಿಕೊಂಡು ಕೂತಿತ್ತು. ನೋಡಿದ ಕೂಡಲೇ ಅದರ ಮೇಲೆ ಮಮತೆ ಹುಟ್ಟಿತು. ಗಾಜಿನ ಬಾಟಲಿಗೆ ಬಿಟ್ಟು, ಬಾಯಿಗೆ ತೆಳು ಬಟ್ಟೆ ಕಟ್ಟಿ ಸಾಕತೊಡಗಿದೆ.

ಮರುದಿನ ಕಾಯಿಪಲ್ಯೆ ಮಾರುವ ಅಜ್ಜಿಗೆ, "ನಿನ್ನ ಮೆಂತೆದಾಗ ಹುಳ ಇತ್ತಬೇ" ಎಂದೆ.

"ಔಷಧ ಹೊಡದಿಲ್ಲವಾ, ಅದಕ್ಕ ಜೀವಂತ ಬಂದೈತಿ. ಒಂದ ಸಾಕೋ, ಇನ್ನೊಂದು ಹುಡುಕ್ಲ್ಯೋ?"

ಒದ್ದೆ ಬಟ್ಟೆ

ನಮ್ಮ ಮಾವನವರು ಜೀವಮಾನವೆಲ್ಲ ಮಗ್ಗದ ಮುಂದೆ ಕೂತವರು. ಬಣ್ಣ ಬಿಡುವ ನೂಲನ್ನು ಹೊಸ್ತಿಲು ದಾಟಲು ಬಿಟ್ಟವರಲ್ಲ. ಹುಳವನ್ನು ನೋಡಿದ್ದೇ ತೀರ್ಪು ಕೊಟ್ಟರು: "ಹಸರು ಇರೂತನಕ ಇರಲಿ. ಬಣ್ಣ ಬಿಟ್ಟಿತಂದ್ರ ಅವತ್ತ ಹೊಲಕ್ಕ."

ಬಾಟಲಿ ಕಿಟಕಿಯಲ್ಲಿತ್ತು, ಮಾರ್ಚ್ ಬಿಸಿಲು. ಹುಳ ಪೊರೆ ಬಿಟ್ಟಿತು. ಒಂದೆರಡು ದಿನದಲ್ಲಿ ಮೈಯೆಲ್ಲ ಕಂದು! ಮಾವನವರ ಮುಂದೆ ಅದರ ಪರ ವಕಾಲತ್ತಿಗೆ ನಿಂತೆ.

"ಮಾವಾರ, ಬಿಸಿಲಿಗೆ, ಒಣ ಹವಾಕ್ಕ ಹಿಂಗ ಆಗತೈತ್ರಿ. ತಂಪಿನ್ಯಾಗ ಇಟ್ರ ಮುಂದಿನ ಪೊರಿಗೆ ಮತ್ತ ಹಸರಾಗಬಹುದ್ರಿ."

"ಕಚ್ಚಾ ಬಣ್ಣವಾ ಇದು," ಎಂದ ಮಾವನವರು ಬಿಳಿ ಬಟ್ಟೆಯ ತುಂಡನ್ನು ನೀರಲ್ಲಿ ಅದ್ದಿ, ನೂಲನ್ನು ಪರೀಕ್ಷಿಸುವಂತೆ ಹುಳದ ಬೆನ್ನು ಉಜ್ಜಿ ನೋಡಲು ಬಂದೇ ಬಿಟ್ಟರು. ನಾನು ಬಾಟಲಿ ಎತ್ತಿಕೊಂಡು ಅಡಿಗೆಮನೆಗೆ ಓಡಿದೆ.

"ಆತು, ಮುಂದಿನ ಪೊರಿತನಕ ನೋಡೂಣು," ಎಂದರು, ಬಟ್ಟೆ ಹಿಂಡುತ್ತ.

ಜಳಕ

ಬಾಟಲಿಯನ್ನು ನೆರಳಿಗಿಟ್ಟೆ. ತಂಪಿಗೆಂದು ಹಸಿ ಎಲೆ ಹಾಕಿ ದಿನಕ್ಕೆರಡು ಸಲ ನೀರು ಚಿಮುಕಿಸಿದೆ. ನಮ್ಮ ನಳಕ್ಕೆ ನೀರು ಬರುವುದೋ ಅದರ ಮನಸ್ಸು ಬಂದಾಗ. ಶಿರಹಟ್ಟಿಯಿಂದ ಬಂದಿದ್ದ ನಾದಿನಿ ಇದನ್ನು ನೋಡಿ ಸೊಂಟದ ಮೇಲೆ ಕೈಯಿಟ್ಟಳು.

"ವೈನಿ, ನನಗ ಜಳಕಕ್ಕ ಅರ್ಧ ಬಕೀಟು, ಈ ಹುಳಕ್ಕ ದಿನಾ ಎರಡ ಸಲ ಜಳಕೇನ್ರಿ? ನಾಳಿಂದ ನಾನೂ ಬಾಟಲ್ಯಾಗ ಕುಂಡ್ರತೇನಿ."

ಕೊನೆಯ ತೀರ್ಪು

ಎರಡು ವಾರ ಹೀಗೇ ಹೋಯಿತು. ಒಂದು ದಿನ ಶಾಲೆಯಿಂದ ಬಂದು ನೋಡುತ್ತೇನೆ, ಬಾಟಲಿಯಲ್ಲಿ ಹಸಿರು ಸೂರ್ಯನ ಕುದುರೆ! ಖುಷಿಗೆ ಕುಣಿಯುವುದೊಂದೇ ಬಾಕಿ.

"ನಿನ್ನ ಶಾಸ್ತ್ರ ಖರೆ ಆತು ನೋಡವಾ," ಎಂದರು ಮಾವನವರು, ಎಂದೂ ಇಲ್ಲದ ಮೆತ್ತನೆಯ ದನಿಯಲ್ಲಿ.

ಅಲ್ಲೇ ನನಗೆ ಅನುಮಾನ ಬಂತು. ಬಾಟಲಿಯೆಲ್ಲ ತಡಕಿದೆ. "ಮಾವಾರ, ಬಿಟ್ಟ ಪೊರಿ ಎಲ್ಲೈತ್ರಿ?"

ಮಾವನವರು ಮಗ್ಗದ ಕಡೆ ನೋಡಿದರು. ನಾನೂ ನೋಡಿದೆ. ಮಗ್ಗದ ಕಟ್ಟಿಗೆಯ ಮೇಲೆ ನನ್ನ ಕಂದು ಸೂರ್ಯನ ಕುದುರೆ ಕೈ ಜೋಡಿಸಿಕೊಂಡು ಆರಾಮಾಗಿ ಕೂತಿತ್ತು.

"ಮುಂಜಾನೆ ಹರ್ತಿ ಹಳ್ಳಿಗೆ ಹೋಗಿ ಹೊಲದಾಗಿಂದ ಹಸರದ್ದು ಹುಡುಕಿ ತಂದೆ," ಎಂದು ಒಪ್ಪಿಕೊಂಡರು. "ಬಣ್ಣ ಬಿಟ್ರ ಹೊರಗ ಅಂದಾಂವ ನಾನ. ನನ್ನ ಮಾತು ನಾನ ಹೆಂಗ ಮುರೀಲಿ, ಇದನ್ನ ಹೆಂಗ ಹೊರಗ ಹಾಕಲಿ? ನೀ ಸಾಲಿಗೆ ಹೋದಮ್ಯಾಲ ದಿನಾ ನಿನ್ನ ಹುಳಕ್ಕ ನೊಣ ಹಿಡದು ಹಾಕಾಂವನೂ ನಾನ."

ನನಗೆ ನಗುವೂ ಅಳುವೂ ಒಟ್ಟಿಗೇ ಬಂದವು. "ಹಂಗಾದ್ರ ಈಗ ಏನ್ ಮಾಡೂಣ್ರಿ?"

ಮಾವನವರು ಎರಡನ್ನೂ ಹೊಸ ನೂಲಿನ ಲಡಿ ನೋಡುವ ಹಾಗೆ ಹೊತ್ತುಗಟ್ಟಲೆ ನೋಡಿದರು. ಆಮೇಲೆ ಹೇಳಿದರು:

"ಈ ಕಂದು ಐತಲ್ಲ, ಎರಡು ವಾರ ನೀರು ಹೊಡದ್ರೂ ಬಿಡಲಿಲ್ಲ. ಇದ ಪಕ್ಕಾ ಬಣ್ಣ, ಮನ್ಯಾಗ ಇರಲಿ. ಆ ಹಸರದ್ದು ನಂಬಾಕ ಬರೂದಿಲ್ಲ, ಹರ್ತಿಗೆ ಬಿಟ್ಟು ಬರ್ತೇನಿ."