ಕಾದಂಬರಿಕಾರರು, ಜಂಗಮವಾಡಿ, ಕಾಶಿ

ಬರೆಯುವವನಿಗೆ ಓದುಗರಿಂದ ಪತ್ರಗಳು ಬರುತ್ತವಂತೆ. ನನಗೂ ಬರುತ್ತವೆ, ಬರುತ್ತಲೇ ಇರುತ್ತವೆ. ಓದಿದವರಿಂದ ಮಾತ್ರ ಬರುವುದಿಲ್ಲ.

ನಾನು ಕಾಶಿಯಲ್ಲಿ ಪುರೋಹಿತ. ದಕ್ಷಿಣದ ಯಾತ್ರಿಕರಿಗೆ ಬೆಳಿಗ್ಗೆ ಪಿಂಡಪ್ರದಾನ ಮಾಡಿಸಿ, ಮಧ್ಯಾಹ್ನ ಮನೆಯಲ್ಲಿ ಕೂತು ಕನ್ನಡದಲ್ಲಿ ಬರೆಯುತ್ತೇನೆ. ನಮ್ಮ ಮಕ್ಕಳಿಗೆ ಹಿಂದಿ ಬಿಟ್ಟರೆ ಬೇರೆ ಅಕ್ಷರ ಗೊತ್ತಿಲ್ಲ. ಹೆಂಡತಿಗೆ ಕನ್ನಡ ಓದಲು ಬರುತ್ತದೆ, ಪುರುಸೊತ್ತಿಲ್ಲ. ಹಾಗಾಗಿ ತೊಂಬತ್ತೊಂದರಲ್ಲಿ ಮೊದಲ ಕಾದಂಬರಿ ಅಚ್ಚಾದಾಗ, ಊರ ಕಡೆಯವರಾದರೂ ಬರೆಯಲಿ ಎಂದು ಕೊನೆಯ ಹಾಳೆಯಲ್ಲಿ ವಿಳಾಸ ಹಾಕಿಸಿದೆ. ಪೂರ್ತಿ ಓದಿದವರು ಒಬ್ಬರೇ ಒಬ್ಬರು ಬರೆದರೂ ಎರಡನೆಯದನ್ನು ಶುರುಮಾಡುತ್ತೇನೆ, ಇಲ್ಲದಿದ್ದರೆ ಬರವಣಿಗೆಯ ಸಹವಾಸವೇ ಬೇಡ ಎಂದು ಹೆಂಡತಿಗೆ ಹೇಳಿದ್ದೆ.

ಮೊದಲ ಅಭಿಮಾನಿ

ಮೊದಲ ಇನ್‌ಲ್ಯಾಂಡ್ ಪತ್ರ ದಾವಣಗೆರೆ ಕಡೆಯದು. ‘ತಮ್ಮ ಪುಸ್ತಕ ಸಿಕ್ಕಿದ್ದು ನಮ್ಮ ಪುಣ್ಯ’ ಎಂದು ಶುರುವಾಗಿತ್ತು. ಎರಡನೆಯ ಸಾಲಿನಿಂದ ಕೊನೆಯವರೆಗೆ ಬರೀ ರೂಮು, ಬಿಸಿನೀರು, ಅಜ್ಜಿಗೆ ಮೆಟ್ಟಿಲು ಹತ್ತಲಾಗದ ವಿಷಯ. ಎಷ್ಟೆಂದರೂ ಓದುಗರಲ್ಲವೇ ಎಂದು ನಾನೇ ಸ್ಟೇಷನ್ನಿಗೆ ಹೋಗಿ, ರಿಕ್ಷಾ ಮಾಡಿಸಿ ಕರೆತಂದೆ. ಊಟವಾದ ಮೇಲೆ, ಪುಸ್ತಕ ತಂದಿದ್ದರೆ ರುಜು ಹಾಕಿಕೊಡುತ್ತೇನೆ ಎಂದೆ. ಯಜಮಾನರು ಜೇಬಿನಿಂದ ಮಡಚಿದ ಹಾಳೆಯೊಂದನ್ನು ತೆಗೆದರು.

“ವಿಳಾಸ ಬೇಕಿತ್ತಲ್ಲ ಸ್ವಾಮಿ, ಹಿಂದಿನ ಹಾಳೆ ಅಷ್ಟೇ ಹರ್ಕೊಂಡು ಬಂದ್ವಿ. ಪೂರ್ತಿ ಪುಸ್ತಕ ಹೊರೋರು ಯಾರು?”

ಅಮೃತವಾಣಿ

ನಮ್ಮ ಪೋಸ್ಟ್‌ಮನ್ನನಿಗೆ ಕನ್ನಡ ಲಿಪಿಯೆಂದರೆ ಜಿಲೇಬಿ. ಅಂಥದ್ದು ಕಂಡರೆ ಸಾಕು, “ಪಂಡಿತ್‌ಜೀ, ಈ ಸಬ್ ಆಪ್ ಹೀ ಕಾ ಹೋಗಾ”, ಇದೆಲ್ಲ ನಿಮ್ಮದೇ ಇರಬೇಕು ಎಂದು ನನ್ನ ಮಡಿಲಿಗೆ ಸುರಿದು ಹೋಗುತ್ತಾನೆ. ಒಂದು ದಿನ ಹಾಗೆ ಬಂದ ಕಾಗದ ಒಡೆದರೆ, ‘ತಮ್ಮ ಮಾತು ಅಮೃತ. ಅದರಿಂದ ನಮ್ಮ ಒಡೆದ ಮನೆ ಒಂದಾಯಿತು’ ಎಂದಿತ್ತು. ನನ್ನ ಕಾದಂಬರಿಯಲ್ಲಿರುವುದು ಮನೆ ಒಡೆಯುವ ಕಥೆ. ಆದರೂ ಓದುಗರ ಮನಸ್ಸು ಯಾರು ಬಲ್ಲರು ಎಂದುಕೊಂಡು ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅವಳು ಲಕೋಟೆ ತಿರುಗಿಸಿ ತೋರಿಸಿದಳು. ಪಕ್ಕದ ಗಲ್ಲಿಯ ಸ್ವಾಮಿಗಳ ಹೆಸರಿತ್ತು.

ನಾನೇ ಹೋಗಿ ಕೊಟ್ಟು ಕ್ಷಮೆ ಕೇಳಿದೆ. ನನ್ನ ಮುಖ ನೋಡಿ ಸ್ವಾಮಿಗಳಿಗೆ ಕರುಣೆ ಬಂತು. “ನಿಮಗೂ ಒಂದು ದಿನ ಬರ್ತದೆ. ಅಲ್ಲೀತನಕ ನಮಗೆ ಬಂದದ್ದನ್ನೇ ಓದಿ ಕಳಿಸ್ರಿ” ಎಂದರು.

ಗೋತ್ರ

ಇನ್ನೊಬ್ಬರು ಬರೆದರು: ‘ನಿಮ್ಮ ಕಾದಂಬರಿಯ, ಗಂಗೆಯಾಚೆಯ ರಾಮನಗರದ ಹುಡುಗಿಯ ಗುಣನಡತೆ ಹಿಡಿಸಿತು. ನಮ್ಮ ಹುಡುಗ ಬ್ಯಾಂಕಿನಲ್ಲಿದ್ದಾನೆ. ಗೋತ್ರ ತಿಳಿಸಿ.’ ಅರ್ಧಕ್ಕೇ ಪುಸ್ತಕ ಮುಚ್ಚಿ ಕಾಗದ ಬರೆಯಲು ಕೂತಿದ್ದಾರೆಂದು ಗೊತ್ತಾಗಿ ಸಿಟ್ಟು ನೆತ್ತಿಗೇರಿತು. ಆ ಹುಡುಗಿ ಕೊನೆಯ ಅಧ್ಯಾಯದಲ್ಲಿ ತೀರಿಕೊಂಡಳು ಎಂದು ಕಾರ್ಡು ಹಾಕಿದೆ.

ಉತ್ತರ ಬಂತು: ‘ಬಹಳ ದುಃಖವಾಯಿತು. ತಂಗಿ ಇದ್ದರೆ ತಿಳಿಸಿ.’

ಕೊನೆಗೂ ಒಬ್ಬರು

ಅಷ್ಟರಲ್ಲಿ ನನಗೆ ಸಾಕುಸಾಕಾಗಿತ್ತು. ಬರೆಯಲೆಂದು ತಂದ ಕಾಗದವನ್ನೆಲ್ಲ ಯಾತ್ರಿಕರಿಗೆ ಕುಂಕುಮದ ಪೊಟ್ಟಣ ಕಟ್ಟಲು ಕೊಟ್ಟುಬಿಟ್ಟೆ. ಯಾರಿಗೂ ಬೇಡದ್ದನ್ನು ಯಾಕಾಗಿ ಬರೆಯಬೇಕು ಎಂದು ಅಳುವೇ ಬರುತ್ತಿತ್ತು.

ಆಗ ಧಾರವಾಡದಿಂದ ದಪ್ಪ ಲಕೋಟೆಯೊಂದು ಬಂತು. ಬರೆದವರು ನಿವೃತ್ತ ಶಾಲಾ ಟೀಚರಮ್ಮ. ಈ ಸಲ ಮೊದಲು ವಿಳಾಸ ನೋಡಿದೆ; ನನ್ನದೇ. ಕಾಶಿಯ ಲಂಕಾ ಬಜಾರಿನಲ್ಲಿ ನನ್ನ ನಾಯಕಿ ಒಂದು ಪುಸ್ತಕವನ್ನು ಮೂಸಿ ನೋಡಿ, ಕೊಳ್ಳಲಾಗದೆ ವಾಪಸ್ ಇಡುತ್ತಾಳೆ. ಆ ಸಾಲಿಗೆ ಅವರು ಅತ್ತಿದ್ದರಂತೆ. ಇಡೀ ಕಾದಂಬರಿಯನ್ನು ಮತ್ತೆ ಮತ್ತೆ ಓದಿದ್ದರಂತೆ. ಹೆಂಡತಿಗೆ ಗಟ್ಟಿಯಾಗಿ ಓದಿ ಹೇಳತೊಡಗಿದೆ. ಅವಳೂ ಒಲೆ ಆರಿಸಿ ಬಂದು ಕೂತಳು.

“ಇನ್ನೇನು, ಬರೀರಿ ಎರಡನೇದು” ಎಂದಳು.

ಕಾಗದದ ಕೊನೆಯ ಪುಟ ಬಾಕಿಯಿತ್ತು.

‘ಕಳೆದ ತಿಂಗಳು ನಾವೆಲ್ಲ ಕಾಶಿಗೆ ಬಂದಿದ್ದೆವು. ಅಲ್ಲಿಗೆ ಬಂದವರು ತಮಗೆ ಪ್ರಿಯವಾದದ್ದೊಂದನ್ನು ಗಂಗೆಯಲ್ಲಿ ಬಿಟ್ಟು ಹೋಗಬೇಕಲ್ಲ. ನಮ್ಮ ಯಜಮಾನರು ಹಾಗಲಕಾಯಿ ಬಿಟ್ಟರು. ಅದನ್ನು ಅವರು ಹುಟ್ಟಿದಾಗಿನಿಂದ ತಿಂದವರಲ್ಲ. ನನಗೆ ದೇವರ ಮುಂದೆ ಹಾಗೆ ಮೋಸ ಮಾಡಲು ಮನಸ್ಸು ಬರಲಿಲ್ಲ. ಮುಳುಗು ಹಾಕಿ, ನಿಮ್ಮ ಕಾದಂಬರಿ ಓದುವುದನ್ನೇ ಬಿಟ್ಟೆ. ಎರಡನೆಯದು ಬಂದರೆ ದಯವಿಟ್ಟು ನನಗೆ ತಿಳಿಸಬೇಡಿ, ತಡೆಯಲಾಗುವುದಿಲ್ಲ.’