ಕರ್ನಲ್ ಸಾಹೇಬರ ರಾಜೀನಾಮೆ

ಎಲ್ಲಕ್ಕೂ ಮೂಲ, ಕರ್ನಲ್ ಸಾಹೇಬರ ಬಾಗಿಲ ಮೇಲಿನ ಫಲಕ. ಅದು ಒಂದು ಗೇಣು ಗಿಡ್ಡವಾಯಿತು. ಬರೆಯುವವನು ‘ಕರ್ನಲ್, ನಿವೃತ್ತ’ ಎಂಬಲ್ಲಿಗೆ ನಿಲ್ಲಿಸಿ, ‘ದಂತವೈದ್ಯ’ ಎಂಬುದನ್ನು ಜಾಗವಿಲ್ಲವೆಂದು ಬಿಟ್ಟುಬಿಟ್ಟ. ಸೈನ್ಯದಲ್ಲಿ ಹಲ್ಲಿನ ಡಾಕ್ಟರಿಗೂ ಹುದ್ದೆ ಇರುತ್ತದೆ, ವರ್ಷ ಕಳೆದಂತೆ ಅದು ಏರುತ್ತದೆ, ಏರಿ ಏರಿ ಒಂದು ದಿನ ಆ ಪುಣ್ಯಾತ್ಮ ಕರ್ನಲ್ ಆಗಿಬಿಡುತ್ತಾನೆ. ಸಾಹೇಬರಿದ್ದ ನಾಲ್ಕು ಮಹಡಿ ಕಟ್ಟಡದ ಜನಕ್ಕೆ ಇದು ಗೊತ್ತಿರಲಿಲ್ಲ, ಹೇಳಿದರೂ ನಂಬಲಿಲ್ಲ. ನಮ್ಮ ಕರ್ನಲ್ ಸಾಹೇಬರು ನೌಕರಿಯುದ್ದಕ್ಕೂ ಹಿಡಿದ ಆಯುಧ ಇಕ್ಕಳ ಒಂದೇ, ಕಂಡ ಶತ್ರು ಹುಳುಕು ಹಲ್ಲೊಂದೇ.

ಬಂದ ತಿಂಗಳಲ್ಲೇ ಅವರನ್ನು ನಿವಾಸಿಗಳ ಸಂಘದ ಕಾರ್ಯದರ್ಶಿ ಮಾಡಿದರು. ಅಂದಿನಿಂದ ಲಿಫ್ಟ್ ನಿಂತರೆ ಕರ್ನಲ್, ಚರಂಡಿ ಕಟ್ಟಿದರೆ ಕರ್ನಲ್, ಎರಡನೇ ಮಹಡಿಯ ನಾಯಿ ಮೂರನೇ ಮಹಡಿಯ ಕಾಲೊರಸಿನ ಮೇಲೆ ಗಲೀಜು ಮಾಡಿದರೆ ಅದಕ್ಕೂ ಕರ್ನಲ್. ನೆಮ್ಮದಿಯಾಗಿ ಕೂತು ಒಂದು ಲೋಟ ಕಾಫಿ ಕುಡಿದು ಎಷ್ಟು ಕಾಲವಾಯಿತೋ. ಮನುಷ್ಯ ಬಸವಳಿದುಹೋಗಿದ್ದರು. ಈ ಭಾನುವಾರ ಸಂಜೆಯ ಸಭೆಯಲ್ಲಿ ರಾಜೀನಾಮೆ ಕೊಟ್ಟೇ ತೀರುವುದೆಂದು ತೀರ್ಮಾನಿಸಿದ್ದರು.

“ನಿಜ ಹೇಳಿಬಿಡಿ,” ಎಂದರು ಹೆಂಡತಿ, ಆ ಭಾನುವಾರ ಮಧ್ಯಾಹ್ನ ತಟ್ಟೆಗೆ ಅನ್ನ ಬಡಿಸುತ್ತಾ. “ನಾನು ಯುದ್ಧ ಮಾಡ್ದೋನಲ್ಲ, ಬರೀ ಹಲ್ಲು ಕಿತ್ತೋನು ಅಂತ. ತಾವಾಗೇ ಬಿಟ್ಬಿಡ್ತಾರೆ.”

“ಹೇಳಿ ಹೇಳಿ ಸಾಕಾಗಿದೆ ಕಣೇ. ನಂಬಿದ್ರೆ ತಾನೆ?”

ಮೊದಲ ತುತ್ತು ಬಾಯಿಗಿಡುವ ಮೊದಲೇ ಬಾಗಿಲ ಗಂಟೆ ಬಡಿದುಕೊಂಡಿತು. ಹೊರಗೆ ಎರಡನೇ ಮಹಡಿಯ ವಕೀಲರು, ಮೂರನೇ ಮಹಡಿಯ ನಿವೃತ್ತ ಹೆಡ್‌ಮಿಸ್ಸು, ಅವರ ಹಿಂದೆ ಬೆವರುತ್ತಿದ್ದ ವಾಚ್‌ಮನ್.

“ಕರ್ನಲ್ ಸಾಹೇಬ್ರೇ, ಪಂಪ್ ರೂಮಲ್ಲಿ ಕಳ್ಳ ಸೇರ್ಕೊಂಡಿದಾನೆ!” ಎಂದರು ವಕೀಲರು.

“ಕತ್ತಲಲ್ಲಿ ಏನೋ ನರಳ್ತಾ ಕೂತಿದಾನೆ ಸಾರ್. ಹೊರಗಿಂದ ಚಿಲಕ ಹಾಕಿ ಓಡಿ ಬಂದೆ,” ಎಂದ ವಾಚ್‌ಮನ್.

“ಪೊಲೀಸಿಗೆ ಫೋನ್ ಮಾಡಿ.”

“ನೀವಿರೋವಾಗ ಪೊಲೀಸ್ ಯಾಕ್ರೀ?” ಎಂದರು ಹೆಡ್‌ಮಿಸ್ಸು, ತಪ್ಪು ಲೆಕ್ಕ ಮಾಡಿದ ಮಗುವನ್ನು ನೋಡುವ ಹಾಗೆ ನೋಡಿ.

“ತಾಯಿ, ನಾನು ಹಲ್ಲಿನ ಡಾಕ್ಟರು!”

ವಕೀಲರು ಕಣ್ಣು ಮಿಟುಕಿಸಿದರು. “ಗೊತ್ತು ಸಾರ್, ಗೊತ್ತು. ಗುಪ್ತಚರ ಕೆಲ್ಸ ಮಾಡಿದೋರೆಲ್ಲ ಹೀಗೇ ಏನಾದ್ರೂ ಒಂದು ಹೇಳ್ಕೊಳ್ತಾರೆ.”

ಮುಂದೆ ಮಾತಿಗೆ ಅವಕಾಶವಾಗಲಿಲ್ಲ. ಮೆಟ್ಟಿಲಿಳಿಯುವಷ್ಟರಲ್ಲಿ ಅರ್ಧ ಕಟ್ಟಡವೇ ಹಿಂದೆ ಸೇರಿತ್ತು. ಯಾರೋ ಅವರ ಒಂದು ಕೈಗೆ ಟಾರ್ಚ್ ತುರುಕಿದರು, ಇನ್ನಾರೋ ಇನ್ನೊಂದು ಕೈಗೆ ಲಟ್ಟಣಿಗೆ ಕೊಟ್ಟರು. ವಾಚ್‌ಮನ್ ಚಿಲಕ ತೆಗೆದು, ಸಾಹೇಬರನ್ನು ಮರ್ಯಾದೆಯಿಂದಲೇ ಒಳಕ್ಕೆ ನೂಕಿ, ಜನರ ಸುರಕ್ಷತೆಗಾಗಿ ಮತ್ತೆ ಹೊರಗಿನಿಂದ ಚಿಲಕ ಹಾಕಿದ. ಕರ್ನಲ್ ಸಾಹೇಬರು ಲಟ್ಟಣಿಗೆಯನ್ನು ಎದೆಗೊತ್ತಿಕೊಂಡು ಬಾಗಿಲಿಗೆ ಬೆನ್ನು ಹಚ್ಚಿ ನಿಂತರು. ಒಂದು ಹಾಳು ಫಲಕಕ್ಕಾಗಿ ಸಾಯಬೇಕಾಯಿತಲ್ಲ ಎಂದು ಅಳುವೇ ಬಂದಂತಾಯಿತು.

ಟಾರ್ಚಿನ ಬೆಳಕಿಗೆ ಮೋಟಾರಿನ ಹಿಂದೆ ಕಂಡವನು ಪೇಂಟರ್. ವಾರದಿಂದ ಮೆಟ್ಟಿಲ ಗೋಡೆಗೆ ಬಣ್ಣ ಬಳಿಯುತ್ತಿದ್ದವನು. ಅವನ ಕೆನ್ನೆ ಬನ್ನಿನಂತೆ ಊದಿತ್ತು.

“ಹಲ್ಲು ನೋವು ಸಾರ್,” ಎಂದು ನರಳಿದ. “ಕತ್ತಲಲ್ಲಿ ಕೂತ್ರೆ ಕಮ್ಮಿ ಆಗತ್ತೇನೋ ಅಂತ ಬಂದೆ. ಮೇಸ್ತ್ರಿಗೆ ಹೇಳ್ಬೇಡಿ.”

ಕರ್ನಲ್ ಸಾಹೇಬರು ಲಟ್ಟಣಿಗೆಯನ್ನು ಕೆಳಗಿಟ್ಟರು. ಈ ಕಟ್ಟಡಕ್ಕೆ ಬಂದ ಮೇಲೆ ಮೊದಲ ಸಲ ತಮಗೆ ಬರುವ ಕೆಲಸವೊಂದು ಎದುರಿಗಿತ್ತು. ಹಾಡಬೇಕೆನ್ನಿಸುವಷ್ಟು ಖುಷಿಯಾಯಿತು.

“ಬಾಯಿ ‘ಆ’ ಮಾಡಪ್ಪ. ಇನ್ನೂ ದೊಡ್ಡದಾಗಿ. ಹಾಂ, ಇದೇ. ಆಗಲೇ ಅಲ್ಲಾಡ್ತಾ ಇದೆ.” ಕರವಸ್ತ್ರವನ್ನು ಬೆರಳಿಗೆ ಸುತ್ತಿ ಹಲ್ಲನ್ನು ಹಿಡಿದರು. “ಅಲ್ಲಿ ನೋಡು, ಸೂರಲ್ಲಿ ಏನಿದೆ?”

ಪೇಂಟರ್ ಕೂಗಿದ ಕೂಗು ನಾಲ್ಕು ಮಹಡಿಗೂ ಕೇಳಿಸಿತು.

“ವಿಚಾರಣೆ ಶುರು ಮಾಡಿದ್ರು,” ಎಂದರು ಹೊರಗೆ ವಕೀಲರು, ಭಕ್ತಿಯಿಂದ.

ಬಾಗಿಲು ತೆರೆದಾಗ ಕರ್ನಲ್ ಸಾಹೇಬರ ಕೈಯಲ್ಲಿ ರಕ್ತದ ಕರವಸ್ತ್ರ, ಅದರ ಮೇಲೆ ಒಂದು ಹಲ್ಲು. ಪಕ್ಕದಲ್ಲಿ ಬಾಯಿ ತುಂಬ ಬಟ್ಟೆಯ ಉಂಡೆ ಕಚ್ಚಿಕೊಂಡು ಕಣ್ಣೀರು ಸುರಿಸುತ್ತಿದ್ದ ಪೇಂಟರ್.

“ಅಯ್ಯೋ, ಹಲ್ಲು ಉದುರಿಸಿಬಿಟ್ರು!”

“ಅದೂ ಒಂದೇ ಏಟಿಗೆ!”

“ತಪ್ಪು ಒಪ್ಕೊಂಡ್ಯೇನೋ?” ಎಂದು ವಕೀಲರು ಗದರಿದರು. ಮಾತಾಡಲಾಗದ ಪೇಂಟರ್ ಹೆದರಿ ತಲೆಯಾಡಿಸಿದ. ಜನ ಚಪ್ಪಾಳೆ ತಟ್ಟಿತು.

“ನಿಲ್ಸಿ!” ಎಂದು ಕರ್ನಲ್ ಸಾಹೇಬರು ಕಿರುಚಿದರು. “ಲೇ, ಆ ಬಟ್ಟೆ ತೆಗಿ. ಏನಾಯ್ತು ಹೇಳು ಇವ್ರಿಗೆ.”

ಪೇಂಟರ್ ಬಟ್ಟೆ ತೆಗೆದ. “ನಾನು ಕಳ್ಳ ಅಲ್ಲ ಸ್ವಾಮಿ. ಹುಳುಕು ಹಲ್ಲು ಪ್ರಾಣ ತೆಗೀತಿತ್ತು. ಸಾಹೇಬ್ರು ಬರೀ ಬೆರಳಲ್ಲೇ ಕಿತ್ಬಿಟ್ರು. ನೋವೇ ಹೋಯ್ತು!”

ಹಲ್ಲು ಕೈಯಿಂದ ಕೈಗೆ ಹೋಯಿತು. ಅದರ ನಡುವಿನ ಕಪ್ಪು ತೂತನ್ನು ಎಲ್ಲರೂ ನೋಡಿದರು.

“ಅಂದ್ರೆ... ನಿಜವಾಗ್ಲೂ ಹಲ್ಲಿನ ಡಾಕ್ಟ್ರಾ?” ಎಂದು ಹೆಡ್‌ಮಿಸ್ಸು ಎರಡು ಹೆಜ್ಜೆ ಹಿಂದೆ ಸರಿದರು.

“ನಿಜವಾಗ್ಲೂ!” ಕರ್ನಲ್ ಸಾಹೇಬರ ಕಣ್ಣು ಒದ್ದೆಯಾಯಿತು. “ಒಂದು ಗುಂಡೂ ಹಾರಿಸಿದೋನಲ್ಲ. ಇದೇ ನನ್ನ ರಾಜೀನಾಮೆ. ಕೈಮುಗೀತೀನಿ, ಇನ್ನಾದ್ರೂ ನನ್ನ ಬಿಟ್ಬಿಡಿ.”

ವಕೀಲರು ನಾಲ್ಕು ಜನರ ಜೊತೆ ಮೂಲೆಯಲ್ಲಿ ಗುಸುಗುಸು ಮಾಡಿ ಬಂದು ಗಂಟಲು ಸರಿಮಾಡಿಕೊಂಡರು.

“ಸಂಜೆ ಸಭೇನ ಇಲ್ಲೇ ಮುಗಿಸೋಣ. ಸಾರ್, ಬೇಜಾರ್ ಮಾಡ್ಕೋಬೇಡಿ, ಕರ್ನಲ್ ಅನ್ನೋ ಹೆಸರಿಗೆ ಇಲ್ಲಿ ಒಬ್ರೂ ಹೆದರ್ಲಿಲ್ಲ. ನಾಲ್ಕನೇ ಮಹಡಿಯೋರು ಇವತ್ತಿಗೂ ಕಸಾನ ಮೇಲಿಂದಾನೇ ಎಸೀತಾರೆ.”

“ಇನ್ಮೇಲೆ ಎಸೆಯಲ್ಲ,” ಎಂದರು ನಾಲ್ಕನೇ ಮಹಡಿಯವರು, ಅಂಗೈಯಿಂದ ಬಾಯಿ ಮುಚ್ಚಿಕೊಂಡು.

“ನೋಡಿದ್ರಾ! ಇಂಥ ಕಾರ್ಯದರ್ಶೀನ ಬಿಡೋಕಾಗತ್ತಾ? ಇನ್ನೈದು ವರ್ಷ ಇವ್ರೇ ಇರ್ಲಿ. ಯಾರಿಗಾದ್ರೂ ಆಕ್ಷೇಪಣೆ ಇದ್ಯಾ?”

ಕರ್ನಲ್ ಸಾಹೇಬರು ಆಸೆಯಿಂದ ಒಬ್ಬೊಬ್ಬರ ಮುಖವನ್ನೂ ನೋಡಿದರು. ಅವರ ಎದುರು ಬಾಯಿ ತೆರೆಯುವ ಧೈರ್ಯ ಯಾರಿಗೂ ಬರಲಿಲ್ಲ.