ಬಂದೂಕಿಗೆ ಕಾಣದ ಬಣ್ಣ

ಬಣ್ಣದ ಅಂಗಡಿಗೆ ಜನ ಬಣ್ಣಕ್ಕಷ್ಟೇ ಬರುತ್ತಾರೆ ಅಂತ ನೀವು ತಿಳಿದಿದ್ದರೆ ಒಂದು ದಿನ ನನ್ನ ಅಂಗಡಿಯಲ್ಲಿ ಕೂತು ನೋಡಿ. ಶಹಾಪುರದಲ್ಲಿ, ಸುರಪುರ ರಸ್ತೆಯ ಮಗ್ಗುಲಿಗೆ ನನ್ನ ಸ್ಪ್ರೇ ಪೇಂಟಿನ ಕೆಲಸ. ಬೈಕಿನ ಟ್ಯಾಂಕು, ಟ್ರ್ಯಾಕ್ಟರಿನ ಬಾನೆಟ್ಟು, ಮದುವೆಗೆ ಕೊಡುವ ತಿಜೋರಿ ಎಲ್ಲಾ ಹೊಡೆದಿದ್ದೇನೆ. ಟ್ರ್ಯಾಕ್ಟರಿನ ಬಣ್ಣವೇ ಕೋಡಿಗೂ ಬೇಕೆಂದು ಎತ್ತನ್ನು ಹೊಡೆದುಕೊಂಡು ಬಂದ ಮಹಾನುಭಾವರೂ ಇದ್ದಾರೆ. ಇಂಥವು ನನ್ನನ್ನೇ ಹುಡುಕಿಕೊಂಡು ಬರುತ್ತವೆ. ಆದರೆ ಹೋದ ಮಹಾನವಮಿಗೆ ಮುಂಚೆ ಬಂದ ಗಿರಾಕಿ ನನ್ನ ಇಪ್ಪತ್ತು ವರ್ಷದ ಮರ್ಯಾದೆಗೇ ಕೈ ಹಾಕಿದ್ದ.

ಹಚ್ಚಬೇಕು, ಕಾಣಬಾರದು

ಬಂದವರು ದೋರನಹಳ್ಳಿಯ ಪಿ.ಟಿ. ಮಾಸ್ತರರು. ಜೊತೆಗೆ ಮಗಳು, ಕಾಲೇಜು ಓದುವ ಹುಡುಗಿ. ಏರ್ ರೈಫಲ್ ಶೂಟಿಂಗ್‌ನಲ್ಲಿ ರಾಜ್ಯಮಟ್ಟದ ಸ್ಪರ್ಧೆಗೆ ಆಯ್ಕೆಯಾಗಿದ್ದಳು. ಚಾದರದಲ್ಲಿ ಸುತ್ತಿದ್ದನ್ನು ಮೇಜಿನ ಮೇಲೆ ಬಿಚ್ಚಿದರು. ನಳಿಗೆ ಇರಲಿಲ್ಲ, ಭುಜಕ್ಕೊತ್ತಿ ಗಲ್ಲ ಆನಿಸಿ ಹಿಡಿಯುವ ಭಾಗವಷ್ಟೇ. ಕಟ್ಟಿಗೆಯದಲ್ಲ, ಕಾರ್ಬನ್ ಫೈಬರಿನದು. ಕರಿ ಚಾಪೆ ಹೆಣೆದಂತೆ ನೇಯ್ಗೆ.

"ಸೆಕೆಂಡ್ ಹ್ಯಾಂಡ್ ತಂದೀವ್ರಿ. ಮ್ಯಾಲಿನ ಪದರ ಕಿತ್ತು ಎಳಿ ಎದ್ದಾವ. ಗುರಿ ಇಡೂವಾಗ ಹುಡುಗಿ ಗಲ್ಲಕ್ಕ ಚುಚ್ಚತಾವ" ಅಂದರು ಮಾಸ್ತರರು.

"ಕರಿ ಬಣ್ಣ ಹೊಡದು ಕೊಡ್ತೀನಿ ಬಿಡ್ರಿ."

"ಬ್ಯಾಡ್ರಿ ಕಾಕಾ," ಹುಡುಗಿ ಗಾಬರಿಯಾದಳು, "ನೇಯ್ಗಿ ಕಾಣಬೇಕು. ನೀವು ಹಚ್ಚಿದ್ದು ಕಾಣಬಾರದು."

ಜನ ನೋಡಲಿ ಅಂತಲೇ ಇಷ್ಟು ವರ್ಷ ಬಣ್ಣ ಹೊಡೆದವನು ನಾನು. ನಿನ್ನ ಕೆಲಸ ಕಣ್ಣಿಗೆ ಬೀಳದಿದ್ದರೆ ಸಾಕು ಅಂತ ಬಾಯಿಬಿಟ್ಟು ಹೇಳಿದ್ದು ಇವಳೊಬ್ಬಳೇ. ಹೆಂಡತಿ ಕೂಡ ಮನಸ್ಸಿನಲ್ಲಷ್ಟೇ ಅಂದುಕೊಳ್ಳುತ್ತಿದ್ದಳು.

ದೇವಾಪುರದ ಮುತ್ಯಾ

ಸುದ್ದಿ ಹಬ್ಬಿತು. ಮರುದಿನ ದೇವಾಪುರದ ಮುತ್ಯಾ ಒಬ್ಬರು ಕೋಲೂರಿಕೊಂಡು ಬಂದರು. ಹೊಲ ಕಾಯಲು ಅವರ ಮನೆಯಲ್ಲಿ ತಲೆಮಾರಿನಿಂದ ಬಂದ ನಾಡಬಂದೂಕು ಇತ್ತಂತೆ, ಹೀಗಾಗಿ ಬಂದೂಕಿನ ವಿಷಯಕ್ಕೆ ಅವರೇ ಹಿರಿಯರು.

"ಕುಸುಬಿ ಎಣ್ಣಿ ತಿಕ್ಕೋ ತಮ್ಮಾ. ಕುಡದಷ್ಟು ಕುಡಿಸು."

"ಇದು ಕಟ್ಟಿಗಿ ಅಲ್ಲ ಮುತ್ಯಾ, ಎಣ್ಣಿ ಕುಡಿಯಂಗಿಲ್ಲ."

ಮುತ್ಯಾ ನಂಬಲಿಲ್ಲ. ಬೆರಳಿಗೆ ಎಣ್ಣೆ ಹಚ್ಚಿಕೊಂಡು ತಾವೇ ಒಂದು ಮೂಲೆಗೆ ತಿಕ್ಕಿ, ಬೀಡಿ ಮುಗಿಯುವ ತನಕ ಕಾದರು. ಎಣ್ಣೆ ಹಾಗೇ ನಿಂತಿತ್ತು.

"ಉಪವಾಸ ಅದೇನು ಇದು?" ಅಂದರು. ಆಮೇಲೆ ಎಣ್ಣೆ ಹಾಳಾಗಬಾರದೆಂದು ಬೆರಳಿನಿಂದ ಬಳಿದು ತಮ್ಮ ಮೀಸೆಗೆ ಹಚ್ಚಿಕೊಂಡು ಹೋದರು. ಆ ಮೂಲೆಯನ್ನು ತೊಳೆದು ಒರೆಸುವುದರಲ್ಲಿ ನನ್ನ ಅರ್ಧ ದಿನ ಹೋಯಿತು.

ಗಲ್ಲದ ಪರೀಕ್ಷೆ

ಗಟ್ಟಿಯಾಗಲು ಹಾರ್ಡನರ್ ಬೆರೆಸಿ ಹೊಡೆಯುವ ಪಾರದರ್ಶಕ ಕೋಟೇ ಸರಿ ಅಂತ ನಿರ್ಧರಿಸಿದೆ. ಆದರೆ ಹೊಳಪಿನದೋ, ಅರೆ ಹೊಳಪಿನದೋ, ಹೊಳಪೇ ಇಲ್ಲದ ಮ್ಯಾಟೋ? ಮೂರು ಹಲಗೆಗೆ ಮೂರು ಬಗೆ ಹೊಡೆದು ಒಣಗಿಸಿ ಬಾಗಿಲ ಮುಂದೆ ಇಟ್ಟೆ. ಬೆವರಿದ ಗಲ್ಲ ಜಾರಬಾರದು, ಅದೇ ಪರೀಕ್ಷೆ. ನಮ್ಮೂರ ಬಿಸಿಲಿನಲ್ಲಿ ಬೆವರಿದ ಗಲ್ಲಕ್ಕೆ ಬರವೇ? ಪಕ್ಕದ ಚಹಾದಂಗಡಿಯವರನ್ನೆಲ್ಲ ಕರೆದೆ.

ಏಳೆಂಟು ಜನ ಗಂಡಸರು ಸಾಲಾಗಿ ಬಗ್ಗಿ, ಹಲಗೆಗೆ ಗಲ್ಲ ಒತ್ತಿ, ಒಂದು ಕಣ್ಣು ಮುಚ್ಚಿ ನಿಂತಿದ್ದಾಗ ಬೀಟಿನ ಪೊಲೀಸಪ್ಪ ಬೈಕು ನಿಲ್ಲಿಸಿದ.

"ಏನ್ ನಡಸೀರಿ ಇಲ್ಲಿ?"

ಹೇಳಿದೆ. ಅನುಮಾನದಿಂದ ಎಲ್ಲರ ಮುಖ ನೋಡಿದ. ಟೋಪಿ ತೆಗೆದ, ಬಗ್ಗಿದ, ಮೂರೂ ಹಲಗೆಗೆ ಗಲ್ಲ ಒತ್ತಿದ.

"ಮ್ಯಾಟ್ ಹೊಡೀರಿ," ಅಂತ ಆಜ್ಞೆ ಮಾಡಿ ಗಂಭೀರವಾಗಿ ಹೊರಟ. ಹಲಗೆಯ ಅಂಚಿನ ಗೆರೆ ಇನ್ನೂ ಗಲ್ಲದ ಮೇಲೇ ಇತ್ತು.

ಖಂಡೆ ಪೂಜೆ

ಮ್ಯಾಟ್ ಕೋಟೇ ಹೊಡೆದೆ. ನನ್ನ ಜನ್ಮದಲ್ಲೇ ಅಷ್ಟು ಚಂದ ಹೊಡೆದಿರಲಿಲ್ಲ. ಮುಟ್ಟಿದರೆ ಒಣಗಿತ್ತು, ಆದರೆ ಪೂರ್ತಿ ಗಟ್ಟಿಯಾಗಲು ಇನ್ನೂ ನಾಲ್ಕು ದಿನ ಬೇಕಿತ್ತು. ಅಷ್ಟರಲ್ಲಿ ಮಹಾನವಮಿಯ ಖಂಡೆ ಪೂಜೆ, ಅಂದರೆ ಆಯುಧಪೂಜೆ, ಬಂತು. ಆವತ್ತು ನಮ್ಮಲ್ಲಿ ದುಡಿಮೆಯ ಸಾಮಾನೆಲ್ಲ ದೇವರು. ನಾನು ಬಾಳೆಕಂಬ ತರಲು ಹೋಗಿದ್ದೆ. ಹೆಂಡತಿ ಅಂಗಡಿಗೆ ಬಂದು ಕಂಪ್ರೆಸರಿಗೆ, ಸ್ಪ್ರೇ ಗನ್ನಿಗೆ, ಡಬ್ಬಿಗಳಿಗೆ ನೀರಲ್ಲಿ ಕಲಸಿದ ವಿಭೂತಿಯ ಮೂರು ಮೂರು ಬೆರಳು ಎಳೆದಿದ್ದಳು. ಇದಕ್ಕೂ ಎಳೆದಿದ್ದಳು. ಅದೂ ಗಲ್ಲ ಆನಿಸುವ ಜಾಗಕ್ಕೇ, ಭಕ್ತಿಯಿಂದ ಒತ್ತಿ.

ಒರೆಸಿದೆ, ಹೋಗಲಿಲ್ಲ. ತೊಳೆದೆ, ಇನ್ನೂ ಬೆಳ್ಳಗೆ ಎದ್ದು ಕಂಡಿತು. ಇನ್ನೂ ಗಟ್ಟಿಯಾಗದ ಪದರದೊಳಗೆ ವಿಭೂತಿ ಇಳಿದು ಕೂತಿತ್ತು.

"ಏನ್ ಮಾಡಿಬಿಟ್ಟಿಯೇ!"

"ಖಂಡೆ ಪೂಜಿ ದಿನ ಬಂದೂಕು ಬಿಟ್ಟು ಡಬ್ಬಿಗಷ್ಟ ಹಚ್ಲೇನು?" ಅಂದಳು.

ನಾನು ಬಾಳೆಕಂಬ ಎತ್ತಿಕೊಂಡು ಬಾಗಿಲಿಗೆ ಕಟ್ಟಲು ಹೋದೆ.

ಯಾವ ಕಂಪನಿ?

ಎಲ್ಲಾ ತಿಕ್ಕಿ ಮತ್ತೆ ಹೊಡೆಯಲು ಟೈಮಿರಲಿಲ್ಲ. ಮರುದಿನವೇ ಅವರಿಗೆ ಯಾದಗಿರಿಯಿಂದ ರೈಲು. ಮಾಸ್ತರರು ನೋಡಿ, ಕರವಸ್ತ್ರ ತೆಗೆದು ತಾವೂ ಒಮ್ಮೆ ಒರೆಸಿದರು. ನನಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಹುಡುಗಿ ಮಾತ್ರ ಗಲ್ಲ ಆನಿಸಿ ನೋಡಿ, "ಚುಚ್ಚಂಗಿಲ್ಲಲ್ಲ ಕಾಕಾ, ಇರಲಿ" ಅಂದಳು. ಅವಳ ವರ್ಷದ ಶ್ರಮ ನನ್ನ ಅಂಗಡಿಯಲ್ಲಿ ಹಾಳಾಯಿತಲ್ಲ ಅಂತ ಮೂರು ದಿನ ನನಗೆ ರೊಟ್ಟಿ ಇಳಿಯಲಿಲ್ಲ.

ನಾಲ್ಕನೇ ದಿನ ಮಾಸ್ತರರ ಫೋನು ಬಂತು.

"ಬಾಗಿಲದಾಗ ತಡದ್ರು ನೋಡ್ರಿ! ಸಾಮಾನು ತಪಾಸು ಮಾಡೋ ಸಾಹೇಬ್ರು, 'ಈ ಮೂರು ಪಟ್ಟಿ ಯಾವ ಕಂಪನಿ ಜಾಹೀರಾತು? ಪರವಾನಗಿ ಎಲ್ಲದ?' ಅಂದ್ರು. ನಾ ಚೀಲದಾಗ ಕಾಗದ ಹುಡುಕಾಕ ಹತ್ತಿದೆ."

"ಮುಂದ?"

"ನಮ್ಮ ಹುಡುಗಿ ಹೇಳಿದ್ಳು, 'ಭಾಳ ಹಳೇ ಕಂಪನಿ ಸರ್. ಊರೂರಿಗೆ ಬ್ರ್ಯಾಂಚ್ ಅದಾವ' ಅಂತ. ಸಾಹೇಬ್ರು ತಲಿ ಎತ್ತಿದ್ರು. ಅಕಿ ಹಣಿ ನೋಡಿದ್ರು, ನನ್ನ ಹಣಿ ನೋಡಿದ್ರು, ಬಂದೂಕು ನೋಡಿದ್ರು. ನಕ್ಕು ಒಳಗ ಬಿಟ್ರು! ಮೂರನೇ ನಂಬರ್ ಬಂದಾಳ್ರಿ. ಗಲ್ಲ ಒಟ್ಟ ಜಾರಲಿಲ್ಲಂತ, ಆ ವಿಭೂತಿ ಜಾಗಾನೇ ಛಲೋ ಹಿಡಿತದಂತ. ಈಗ ಬ್ಯಾರೆ ಜಿಲ್ಲಾದ ಕೋಚ್ ಒಬ್ರು ಗಂಟುಬಿದ್ದಾರ, ಅವರ ಟೀಮಿನ ಹತ್ತೂ ಬಂದೂಕಿಗೆ ಅದೇ ಕೋಟಿಂಗ್ ಬೇಕಂತ."

ಕಣ್ಣು ಒರೆಸಿಕೊಂಡು ಮನೆಗೆ ಓಡಿದೆ. ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು. ಎಲ್ಲಾ ಹೇಳಿದೆ. ಆಕೆ ಕೈ ನಿಲ್ಲಿಸಲಿಲ್ಲ.

"ಹತ್ತಾ? ಸೋಮವಾರ ತರಾಕ ಹೇಳ್ರಿ, ಹಚ್ಚತೀನಿ. ಜಳಕಾ ಮಾಡಿ ಬರ್ಲಿ ಮತ್ತ."